ಹಳೇ ವಿಂಚ್ ರಿಪೇರಿ ಮತ್ತು ಸಿಂಥೆಟಿಕ್ ರೋಪ್: ನಮ್ಮ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ಜೀಪಿನವರು, ಕಲಘಟಗಿ ಕಡೆಯ ತೋಟದವರು, ನವಲಗುಂದ-ರೋಣದ ಎರಿ ಹೊಲದವರು, ಹಾವೇರಿಯ ಪಿಕಪ್ ಗಾಡಿಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ವಿಂಚ್ ಅಂದರೆ ಗಾಡಿಯ ಮುಂದೆ ಕೂರಿಸಿ, ಡ್ರಮ್ಮಿಗೆ ರೋಪ್ ಸುತ್ತಿಕೊಳ್ಳುತ್ತ ಸಿಕ್ಕಿಕೊಂಡ ಗಾಡಿಯನ್ನು ಎಳೆಯುವ ಯಂತ್ರ. ಹೆಚ್ಚಿನವರು ಬರುವುದು ರೋಪ್ ವಿಷಯ ಕೇಳಲಿಕ್ಕೆ. ರೋಪ್ ಬದಲಿಸುವುದು ಈ ಕೆಲಸದ ಕೊನೆಯ ಹಂತ. ಬ್ರೇಕ್, ಡ್ರಮ್, ವೈರಿಂಗ್ ಈ ಮೂರೂ ಸರಿಯಾಗದೆ ಹೊಸ ರೋಪಿಗೆ ದುಡ್ಡು ಹಾಕಬೇಡಿ. ಅವಸರದಲ್ಲಿದ್ದವರು ಬ್ರೇಕಿನ ಪ್ರಶ್ನೆಯೊಂದನ್ನಾದರೂ ಓದಿ.

## ಮೊದಲು ತಿಳಿಯಬೇಕಾದದ್ದು

ಹಳೇ ವಿಂಚ್ ಒಂದು ಸಿಕ್ಕೈತ್ರಿ. ರಿಪೇರಿ ಮಾಡ್ಸೂದೋ, ಗುಜರಿಗೆ ಹಾಕೂದೋ?

ಮೊದಲು ಎರಕದ ಭಾಗಗಳನ್ನು ನೋಡಿ. ಗೇರ್ ಬಾಕ್ಸಿನ ಹೌಸಿಂಗ್, ಡ್ರಮ್ಮಿನ ಎರಡು ಬದಿಯ ಆಧಾರ, ಬೋಲ್ಟ್ ಕೂರುವ ಕಿವಿಗಳು ಇವುಗಳಲ್ಲಿ ಬಿರುಕು ಇದ್ದರೆ ಆ ವಿಂಚ್ ಬೇಡ. ಅಲ್ಯುಮಿನಿಯಂ ಎರಕವನ್ನು ವೆಲ್ಡ್ ಮಾಡಿಸಿ ಟನ್‌ಗಟ್ಟಲೆ ಭಾರಕ್ಕೆ ಒಡ್ಡುವುದು ಜೀವಕ್ಕೆ ಅಪಾಯ. ಬಿರುಕಿಲ್ಲದಿದ್ದರೆ ಮೋಟರ್ ಸುಟ್ಟಿರಲಿ, ಗ್ರೀಸ್ ಒಣಗಿ ಕಲ್ಲಾಗಿರಲಿ, ಸೊಲೆನಾಯ್ಡ್ (ಮೋಟರಿಗೆ ಕರೆಂಟ್ ಬಿಡುವ ದಪ್ಪ ವಿದ್ಯುತ್ ಸ್ವಿಚ್) ಸತ್ತಿರಲಿ, ಎಲ್ಲವೂ ರಿಪೇರಿ ಆಗುವಂಥವೇ. ಒಳ್ಳೆಯ ಕಂಪನಿಯ ಹಳೆಯ ವಿಂಚ್ ಆದರೆ ಖಂಡಿತ ಉಳಿಸಿಕೊಳ್ಳಿ. ವಾರ್ನ್ ಕಂಪನಿಯ 8274 ಎಂಬ ಮಾದರಿ 1974ರದ್ದು, ಎಳೆಯುವ ಶಕ್ತಿ 8000 ಪೌಂಡ್. ಹೆಸರಿನಲ್ಲೇ ಎರಡೂ ಇವೆ. ಅಂಥವು ಜಗತ್ತಿನಾದ್ಯಂತ ಇಂದಿಗೂ ಕೆಲಸ ಮಾಡುತ್ತಿವೆ. ಹೆಸರು-ಊರು ಇಲ್ಲದ ಅಗ್ಗದ ವಿಂಚಿನಲ್ಲಿ ಗೇರ್ ಹಲ್ಲೇ ಸವೆದಿದ್ದರೆ ಮಾತ್ರ ಬಿಡಭಾಗ ಸಿಗದೆ ಕೈಕಟ್ಟಿ ಕೂರಬೇಕಾಗುತ್ತದೆ.

ನನ್ನ ಗಾಡಿಗೆ ಎಷ್ಟು ಪೌಂಡಿನ ವಿಂಚ್ ಬೇಕ್ರಿ?

ಜನ, ಸಾಮಾನು, ಡೀಸೆಲ್ ಎಲ್ಲ ಸೇರಿದ ಗಾಡಿಯ ತೂಕದ ಒಂದೂವರೆ ಪಟ್ಟು ಎಂಬುದು ಎಲ್ಲ ಕಡೆ ಒಪ್ಪಿದ ಲೆಕ್ಕ. ಎಲ್ಲ ಸೇರಿ 2000 ಕೆಜಿ ಆಗುವ ಜೀಪಿಗೆ 3000 ಕೆಜಿ ಬೇಕು. 8000 ಪೌಂಡ್ ಅಂದರೆ ಸುಮಾರು 3630 ಕೆಜಿ, ಸಾಕು. ಲೋಡ್ ಸೇರಿ ಮೂರು ಟನ್ ಹತ್ತಿರ ಹೋಗುವ ಪಿಕಪ್ಪಿಗೆ 9500 ಪೌಂಡಿನದು (ಸುಮಾರು 4310 ಕೆಜಿ) ಕಡಿಮೆ ಬೀಳುತ್ತದೆ, 12000 ಪೌಂಡಿನದು ತಗೊಳ್ಳಿ.

ಆದರೆ ವಿಂಚಿನ ಪ್ಲೇಟಿನ ಮೇಲೆ ಬರೆದ ಈ ಸಂಖ್ಯೆ ಡ್ರಮ್ಮಿನ ಮೇಲಿರುವ ಮೊದಲ ಪದರಕ್ಕೆ ಮಾತ್ರ. ರೋಪ್ ಪದರದ ಮೇಲೆ ಪದರವಾಗಿ ಸುತ್ತಿದಂತೆ ಡ್ರಮ್ ದಪ್ಪವಾಗಿ ಎಳೆಯುವ ಶಕ್ತಿ ಇಳಿಯುತ್ತದೆ. ನಾಲ್ಕನೆಯ ಪದರಕ್ಕೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗ ಹೋಗಿರುತ್ತದೆ. ಹತ್ತಿರದ ಗಿಡಕ್ಕೆ ಕಟ್ಟಿ ಎಳೆಯುವಾಗ ವಿಂಚ್ ಸೋತರೆ ಅದರಲ್ಲಿ ದೋಷವಿದೆ ಎಂದುಕೊಳ್ಳಬೇಡಿ. ಹೆಚ್ಚು ರೋಪ್ ಬಿಟ್ಟು ದೂರದ ಗಿಡಕ್ಕೆ ಕಟ್ಟಿ ನೋಡಿ.

ಸ್ಟೀಲ್ ರೋಪ್ ಚಲೋನ ಐತಲ್ರಿ, ಸಿಂಥೆಟಿಕ್ ಯಾಕ ಬೇಕು?

ಚಲೋ ಇದ್ದರೆ, ಕೆಲಸ ಹೆಚ್ಚಾಗಿ ಕಲ್ಲುಗಣಿ, ಗರಸು ನೆಲದಲ್ಲಿದ್ದರೆ, ಸ್ಟೀಲ್ ಇಟ್ಟುಕೊಳ್ಳಿ. ಅದು ಉಜ್ಜಾಟ ತಡೆಯುತ್ತದೆ, ಬಿಸಿಲಿಗೆ ಅಂಜುವುದಿಲ್ಲ.

ಸಿಂಥೆಟಿಕ್ ಪರವಾಗಿ ನಾನು ಹೇಳುವ ಮೊದಲ ಕಾರಣ ತೂಕ. 9.5 ಮಿಮೀ ಸ್ಟೀಲ್ ರೋಪ್ 30 ಮೀಟರಿಗೆ 10 ಕೆಜಿ ದಾಟುತ್ತದೆ. ಅದೇ ಕೆಲಸದ 10 ಮಿಮೀ ಸಿಂಥೆಟಿಕ್ ಎರಡು ಕೆಜಿ ಆಸುಪಾಸು. ಮೊಣಕಾಲುದ್ದ ರಾಡಿಯಲ್ಲಿ ರೋಪ್ ಹಿಡಿದು ಬದುವಿನವರೆಗೆ ನಡೆದವರಿಗೆ ಈ ವ್ಯತ್ಯಾಸ ಗೊತ್ತು. ಎರಡನೆಯದು, ಸ್ಟೀಲಿನಲ್ಲಿ ಮುರಿದ ಎಳೆಗಳು ಸೂಜಿಯ ಹಾಗೆ ನಿಂತು ಅಂಗೈ ಸೀಳುತ್ತವೆ. ಮೂರನೆಯದು, ಬಿಗಿದಾಗ ಸ್ಟೀಲಿನಲ್ಲಿ ಕೂಡಿಡುವ ಶಕ್ತಿ ಹೆಚ್ಚು, ಹರಿದರೆ ಬೀಸುವ ರಭಸವೂ ಹೆಚ್ಚು. ಇನ್ನೂ ಒಂದಿದೆ: ಹಗುರ ರೋಪನ್ನು ಜನ ಪೂರ್ತಿ ಬಿಚ್ಚಿ ಸರಿಯಾದ ಗಿಡದವರೆಗೆ ಒಯ್ಯುತ್ತಾರೆ. ಭಾರದ ರೋಪಾದರೆ ಹತ್ತಿರ ಸಿಕ್ಕಿದ್ದಕ್ಕೆ ಕಟ್ಟಿ ಅಡ್ಡಡ್ಡ ಎಳೆಯುತ್ತಾರೆ.

ಸಿಂಥೆಟಿಕ್ ಅಂದ್ರ ನಮ್ಮ ನೈಲಾನ್ ಹಗ್ಗಾನ ಅಲ್ಲೇನ್ರಿ?

ಅಲ್ಲ. ವಿಂಚ್ ರೋಪ್ ಮಾಡುವುದು ಅತಿ ಉದ್ದ ಕಣಸರಪಳಿಯ ಪಾಲಿಎಥಿಲೀನ್ ನಾರಿನಿಂದ. ಹಾಲೆಂಡಿನ ಡಿಎಸ್ಎಂ ಕಂಪನಿ ಬೆಳೆಸಿದ ಡೈನೀಮಾ ಎಂಬ ಹೆಸರಿನಲ್ಲಿ ಅದು ಹೆಚ್ಚು ಪರಿಚಿತ. 12 ಎಳೆ ಹೆಣೆದು ಮಾಡುತ್ತಾರೆ, ಒಳಗೆ ಟೊಳ್ಳು. ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ನೈಲಾನ್ ಚೆನ್ನಾಗಿ ಹಿಗ್ಗುತ್ತದೆ, ಡ್ರಮ್ ಮೇಲೆ ಹಿಗ್ಗಿದ ಹಗ್ಗ ಸುತ್ತಿದರೆ ಅದು ಒಳಗೊಳಗೇ ಹಿಂಡಿ ಕೂರುತ್ತದೆ. ಸಂತೆಯಲ್ಲಿ ಸಿಗುವ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ ಪಾಲಿಪ್ರೊಪಿಲೀನ್. ದನ ಕಟ್ಟಲು, ಮೇವಿನ ಟ್ರಾಲಿ ಬಿಗಿಯಲು ಸರಿ, ವಿಂಚಿಗೆ ಮುಟ್ಟಿಸಬೇಡಿ.

## ರಿಪೇರಿ

ಬಟನ್ ಒತ್ತಿದ್ರ ಕಟ್ ಕಟ್ ಅಂತದ, ತಿರಗೂದಿಲ್ಲ. ಮೋಟರ್ ಹೋತೇನ್ರಿ?

ಮೋಟರನ್ನು ಕೊನೆಗೆ ಅನುಮಾನಿಸಿ. ಕಟ್ ಎನ್ನುವ ಸದ್ದು ಸೊಲೆನಾಯ್ಡ್ ಕೂರುವ ಸದ್ದು, ಅಂದರೆ ರಿಮೋಟಿನಿಂದ ಅಲ್ಲಿಯವರೆಗೆ ಕರೆಂಟ್ ಬಂದಿದೆ. ಮುಂದೆ ಮೂರು ಸಂಶಯ: ಸೋತ ಬ್ಯಾಟರಿ, ತುಕ್ಕು ಹಿಡಿದ ಜೋಡಣೆ, ಸುಟ್ಟ ಸೊಲೆನಾಯ್ಡ್ ಸಂಪರ್ಕ.

9500 ಪೌಂಡಿನ ವಿಂಚ್ ಪೂರ್ಣ ಭಾರದಲ್ಲಿ 400 ಆಂಪಿಯರ್ ಆಸುಪಾಸು ಎಳೆಯುತ್ತದೆ. ಅಷ್ಟು ಕರೆಂಟಿಗೆ ಒಂದು ಸಡಿಲ ನಟ್ಟೇ ಸಾಕು ಎಲ್ಲ ನಿಲ್ಲಿಸಲು. ಮಲ್ಟಿಮೀಟರ್ ಹಿಡಿದು, ಒಬ್ಬರು ಬಟನ್ ಒತ್ತಿದಾಗ ಬ್ಯಾಟರಿಯ ಎರಡು ಕಂಬದ ನಡುವೆ ಓದಿ. 10 ವೋಲ್ಟಿಗಿಂತ ಕೆಳಗೆ ಬಿದ್ದರೆ ಬ್ಯಾಟರಿಯದೇ ತಪ್ಪು. ಬ್ಯಾಟರಿ ನಿಂತಿದ್ದರೆ ಪ್ರತಿ ಜೋಡಣೆಯ ಆಚೆ-ಈಚೆ ಓದಿ. ಅರ್ಧ ವೋಲ್ಟಿಗಿಂತ ಹೆಚ್ಚು ಎಲ್ಲಿ ಕಾಣುತ್ತದೋ ಅಲ್ಲಿಯೇ ದೋಷ. ಸೊಲೆನಾಯ್ಡಿನ ದಪ್ಪ ಕಂಬಗಳ ನಡುವೆ ಪೂರ್ತಿ 12 ವೋಲ್ಟ್ ಬಂದರೆ ಅದರೊಳಗಿನ ತಾಮ್ರದ ತಟ್ಟೆ ಸುಟ್ಟಿದೆ ಎಂದರ್ಥ.

ಇಷ್ಟಾದ ಮೇಲೆ ಮೋಟರಿಗೆ ನೇರ ಕರೆಂಟ್ ಕೊಟ್ಟು ನೋಡಿ. ಕ್ಲಚ್ ಫ್ರೀ ಮಾಡಿಯೇ (ಅಂದರೆ ಡ್ರಮ್ಮನ್ನು ಗೇರಿನಿಂದ ಬಿಡಿಸಿಯೇ) ಇದನ್ನು ಮಾಡಬೇಕು. ಹಳೆಯ ಸೀರೀಸ್ ಮೋಟರುಗಳಲ್ಲಿ ಎ, ಎಫ್1, ಎಫ್2 ಎಂಬ ಮೂರು ಕಂಬ, ಜೊತೆಗೆ ಅರ್ತ್ ಇರುತ್ತವೆ. ಅರ್ತಿಗೆ ನೆಗೆಟಿವ್ ಕೊಡಿ, ಎ ಮತ್ತು ಎಫ್1 ಅನ್ನು ದಪ್ಪ ಕೇಬಲಿನಿಂದ ಜೋಡಿಸಿ, ಎಫ್2ಗೆ ಪಾಸಿಟಿವ್ ಮುಟ್ಟಿಸಿ: ಒಂದು ದಿಕ್ಕಿಗೆ ತಿರುಗಬೇಕು. ಎಫ್1, ಎಫ್2 ಅದಲುಬದಲು ಮಾಡಿದರೆ ಇನ್ನೊಂದು ದಿಕ್ಕು. ಎರಡೂ ಕಡೆ ಚುರುಕಾಗಿ ತಿರುಗಿದರೆ ಮೋಟರ್ ಗಟ್ಟಿಯಿದೆ.

ಒಳಗ ಎಳೀತದ, ಹೊರಗ ಬಿಡೂದಿಲ್ಲ.

ಒಂದೇ ದಿಕ್ಕಿಗೆ ತಿರುಗುತ್ತಿದ್ದರೆ ನೂರಕ್ಕೆ ತೊಂಬತ್ತು ಸಲ ಆ ದಿಕ್ಕಿನ ಸೊಲೆನಾಯ್ಡ್ ಅಥವಾ ರಿಮೋಟಿನ ಸ್ವಿಚ್. ರಿಮೋಟಿನ ವೈರು ಪ್ಲಗ್ಗಿನ ಕುತ್ತಿಗೆಯಲ್ಲಿ ಒಳಗೇ ಮುರಿದಿರುತ್ತದೆ, ಮೊದಲು ಅಲ್ಲಿ ನೋಡಿ.

ಮೋಟರ್ ಕೆಲಸ ಹುಬ್ಬಳ್ಳಿಯಾಗ ಯಾರ ಕಡೆ ಮಾಡ್ಸೂದು?

ವಿಂಚ್ ಮೋಟರ್ ರಚನೆಯಲ್ಲಿ ಲಾರಿಯ ಸ್ಟಾರ್ಟರ್ ಮೋಟರಿನ ಅಣ್ಣತಮ್ಮ. ಆದ್ದರಿಂದ ವಿಂಚ್ ರಿಪೇರಿ ಎಂಬ ಬೋರ್ಡ್ ಹುಡುಕಬೇಡಿ; ಲಾರಿ, ಟ್ರ್ಯಾಕ್ಟರಿನ ಸೆಲ್ಫ್-ಡೈನಮೊ ಕೆಲಸ ಮಾಡುವ ಅನುಭವಿ ಮಿಸ್ತ್ರಿಯ ಕಡೆ ಒಯ್ಯಿರಿ. ಕಾರ್ಬನ್ ಬ್ರಷ್ ಬದಲಿಸುವುದು, ಕಮ್ಯುಟೇಟರ್ ಲೇತಿನಲ್ಲಿ ತೆಳುವಾಗಿ ಸವರಿ ನಡುವಿನ ಮೈಕಾ ಕೆರೆಯುವುದು, ಆರ್ಮೇಚರ್ ಶಾರ್ಟ್ ನೋಡುವುದು ಅವರ ದಿನದ ಕೆಲಸ. ಅದೇ ಅಳತೆಯ ಬ್ರಷ್ ಸಿಗದಿದ್ದರೆ ದೊಡ್ಡದನ್ನು ಉಜ್ಜಿ ಕೂರಿಸುತ್ತಾರೆ. ಆಗ ಒಂದು ಮಾತು ಹೇಳಿ: ಸ್ಟಾರ್ಟರ್ ದರ್ಜೆಯ, ತಾಮ್ರ ಬೆರೆತ ಬ್ರಷ್ಷೇ ಬೇಕು. ಮಿಕ್ಸರ್ ಅಥವಾ ಡ್ರಿಲ್ಲಿನ ಬರೀ ಕಾರ್ಬನ್ ಬ್ರಷ್ ಅಷ್ಟು ಕರೆಂಟ್ ತಾಳದು. ಸವೆದ ಬುಷ್ಷುಗಳನ್ನು ಗೋಕುಲ ರೋಡ್, ತಾರಿಹಾಳ ಕಡೆಯ ಲೇತ್ ಅಂಗಡಿಗಳಲ್ಲಿ ಗನ್‌ಮೆಟಲ್‌ನಿಂದ ತಿರುವಿಸಿಕೊಳ್ಳಬಹುದು. ಹಳೆಯ ಬುಷ್ ಜೊತೆಗೆ ಶಾಫ್ಟನ್ನೂ ಒಯ್ಯಿರಿ, ಅಳತೆ ಬಾಯಿಮಾತಿನಲ್ಲಿ ಹೇಳಬೇಡಿ.

ಮೋಟರಿನೊಳಗೆ ನೀರು ನಿಂತ ಗುರುತು ಕಂಡರೆ ಕೆಳಗಿನ ನೀರಿಳಿಯುವ ತೂತು ಮುಚ್ಚಿದೆಯೇ, ಅಥವಾ ಮೋಟರನ್ನು ತಿರುಗಿಸಿ ಕೂರಿಸಿ ಆ ತೂತು ಮೇಲಕ್ಕೆ ಬಂದಿದೆಯೇ ನೋಡಿ.

ಗೇರ್ ಬಾಕ್ಸ್ ಬಿಚ್ಚಿದಾಗ ಏನ್ ನೋಡ್ಬೇಕು? ಯಾವ ಗ್ರೀಸ್?

ಬಿಚ್ಚುವ ಮುಂಚೆ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಹೆಚ್ಚಿನ ವಿಂಚುಗಳಲ್ಲಿ ಮೂರು ಹಂತದ ಪ್ಲಾನೆಟರಿ ಗೇರ್ ಇರುತ್ತದೆ, ನಡುವಿನ ತೆಳು ವಾಷರ್ ಅದಲುಬದಲಾದರೆ ಮತ್ತೆ ಬಿಚ್ಚಬೇಕಾಗುತ್ತದೆ. ಒಣ ಗ್ರೀಸನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ನೆನೆಸಿ ತೊಳೆಯಿರಿ. ಹಲ್ಲಿನ ಮೇಲೆ ಚುಕ್ಕಿ ಚುಕ್ಕಿ ಗುಳಿ, ಪ್ಲಾನೆಟ್ ಗೇರಿನ ಪಿನ್ ಸಡಿಲ, ರಿಂಗ್ ಗೇರಿನಲ್ಲಿ ಬಿರುಕು ಹುಡುಕಿ. ಓ ರಿಂಗ್, ಆಯಿಲ್ ಸೀಲ್ ಹೇಗಿದ್ದರೂ ಹೊಸದು ಹಾಕಿ. ಅಳತೆ ಕೊಟ್ಟರೆ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತವೆ, ಬೆಲೆಯೂ ಹೆಚ್ಚಲ್ಲ.

ಗ್ರೀಸಿಗೆ ಒಳ್ಳೆಯ ಕಂಪನಿಯ ಲಿಥಿಯಂ ನಂ. 2 ಸಾಕು. ತುಂಬಬೇಡಿ, ಹಲ್ಲಿಗೆ ಸವರಿ. ಹೆಚ್ಚಾದ ಗ್ರೀಸ್ ಡ್ರಮ್ಮಿನೊಳಕ್ಕೆ ಸೋರಿ ಬ್ರೇಕಿಗೆ ಮುಟ್ಟುತ್ತದೆ. ಎಣ್ಣೆಯಲ್ಲಿ ಓಡುವ ಗೇರ್ ಬಾಕ್ಸ್ ಇದ್ದರೆ ಎಣ್ಣೆಯನ್ನೇ ಹಾಕಿ.

ಬ್ರೇಕ್ ಸರಿ ಐತೋ ಇಲ್ಲೋ ಹೆಂಗ ಗೊತ್ತಾಗ್ತದ?

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಬೇಕಾದವರು ಎಲ್ಲರೂ.

ಬಟನ್ ಬಿಟ್ಟಾಗ ಗಾಡಿ ನಿಂತಲ್ಲೇ ನಿಲ್ಲುವುದು ವಿಂಚಿನ ಒಳಗಿನ ಯಾಂತ್ರಿಕ ಬ್ರೇಕಿನಿಂದ. ಹೆಚ್ಚಿನ ವಿಂಚುಗಳಲ್ಲಿ ಅದು ಡ್ರಮ್ಮಿನ ಒಳಗೇ ಇರುತ್ತದೆ. ಪರೀಕ್ಷೆ ಸರಳ: ಜನರಿಲ್ಲದ, ಸ್ವಲ್ಪ ಇಳಿಜಾರಿನ ಜಾಗದಲ್ಲಿ ಗಾಡಿಯನ್ನು ನ್ಯೂಟ್ರಲ್ ಮಾಡಿ, ಡ್ರೈವರ್ ಸೀಟಿನಲ್ಲೇ ಇದ್ದು ಕಾಲು ಬ್ರೇಕಿನ ಹತ್ತಿರ ಇಟ್ಟುಕೊಂಡಿರಲಿ, ವಿಂಚಿನಿಂದ ಮೇಲಕ್ಕೆ ಸ್ವಲ್ಪ ಎಳೆದು ಬಟನ್ ಬಿಡಿ. ಡ್ರಮ್ ಅಲ್ಲೇ ನಿಲ್ಲಬೇಕು. ಕೈಯಗಲ ಜಾರಿ ನಿಂತರೆ ಬ್ರೇಕ್ ಸವೆದಿದೆ. ಜಾರುತ್ತಲೇ ಹೋದರೆ ಆ ವಿಂಚಿಗೆ ಭಾರ ಹಾಕಲೇಬೇಡಿ. ಬಿಚ್ಚಿದಾಗ ಘರ್ಷಣೆಯ ಪದರ ಹೊಳಪಾಗಿದೆಯೇ, ಗ್ರೀಸ್ ಕುಡಿದಿದೆಯೇ, ಸ್ಪ್ರಿಂಗ್ ಮುರಿದಿದೆಯೇ ನೋಡಿ. ಗ್ರೀಸ್ ಕುಡಿದ ಪ್ಯಾಡನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದನ್ನು ನೋಡಿದ್ದೇನೆ. ಬೇಡ, ಹೊಸದೇ ಹಾಕಿ.

ಇದಕ್ಕಿಂತ ಹೆಚ್ಚು ಕಾಣುವ ತಪ್ಪು ಇನ್ನೊಂದು. ಈ ಬ್ರೇಕ್ ಹಿಡಿಯುವುದು ಒಂದೇ ದಿಕ್ಕಿನಲ್ಲಿ. ರೋಪ್ ಡ್ರಮ್ಮಿಗೆ ತಿರುಗುಮುರುಗಾಗಿ ಸುತ್ತಿಕೊಂಡಿದ್ದರೆ ಬಿಡುವ ಬಟನ್ ಒತ್ತಿದಾಗ ಎಳೆಯುತ್ತದೆ, ಕೆಲಸ ಆಗುತ್ತಿದೆ ಎಂದೇ ಕಾಣುತ್ತದೆ, ಆದರೆ ಬ್ರೇಕ್ ಇರುವುದಿಲ್ಲ. ರೋಪನ್ನು ಪೂರ್ತಿ ಬಿಚ್ಚಿದ ಮೇಲೂ ಬಟನ್ ಹಿಡಿದೇ ಇದ್ದರೆ ಅದು ತಾನಾಗಿ ಉಲ್ಟಾ ಸುತ್ತಿಕೊಳ್ಳುತ್ತದೆ. ಒಳಕ್ಕೆ ಎಂದು ಬರೆದ ಬಟನ್ನೇ ಎಳೆಯುತ್ತಿದೆಯೇ, ಡ್ರಮ್ ಮೇಲೆ ಬರೆದ ಬಾಣದ ದಿಕ್ಕಿಗೆ ಸುತ್ತುತ್ತಿದೆಯೇ, ಪ್ರತಿ ಸಲ ನೋಡಿ. ಮೋಟರಿನ ವೈರು ಬಿಚ್ಚಿ ಜೋಡಿಸಿದ ಮೇಲಂತೂ ತಪ್ಪದೆ ನೋಡಿ.

ಕ್ಲಚ್ ಹ್ಯಾಂಡಲ್ ತಿರಗೂದ ಇಲ್ರಿ, ಸುತ್ತಿಗಿಂದ ಬಡೀಲೇನು?

ಬಡಿಯಬೇಡಿ. ರೋಪಿನಲ್ಲಿ ಬಿಗಿತ ಉಳಿದಿದ್ದರೆ ಕ್ಲಚ್ ಬಿಡುವುದಿಲ್ಲ. ಒಂದು ಕ್ಷಣ ಹೊರಕ್ಕೆ ಬಿಡುವ ಬಟನ್ ಒತ್ತಿ, ನಂತರ ತಿರುಗಿಸಿ. ಆಗಲೂ ಬರದಿದ್ದರೆ ಒಳಗಿನ ಗ್ರೀಸ್ ಒಣಗಿದೆ, ಬಿಚ್ಚಿ ತೊಳೆಯಿರಿ.

ವೆಲ್ಡಿಂಗ್ ಕೇಬಲ್ ಹಾಕಿದ್ರ ನಡೀತದಾ?

ತಾಮ್ರದ್ದಾದರೆ ಚೆನ್ನಾಗಿ ನಡೆಯುತ್ತದೆ, ಎಳೆ ಸಣ್ಣವಿದ್ದು ಬಳುಕುತ್ತದೆ. ನಮ್ಮಲ್ಲಿ ಅಲ್ಯುಮಿನಿಯಂ ವೆಲ್ಡಿಂಗ್ ಕೇಬಲ್ ಕೂಡ ಮಾರುತ್ತಾರೆ, ಹೊರಗಿನಿಂದ ಒಂದೇ ಥರ. ತುದಿ ಕತ್ತರಿಸಿ ಬಣ್ಣ ನೋಡಿ, ಒಂದು ಎಳೆ ಕೆರೆದೂ ನೋಡಿ. 9500 ಪೌಂಡಿನ ವಿಂಚಿಗೆ 35 ಚದರ ಮಿಮೀಗಿಂತ ಕಡಿಮೆ ಬೇಡ. ಲಗ್ (ತುದಿಗೆ ಹಾಕುವ ತೂತಿನ ಲೋಹದ ಕೊಂಡಿ) ಅನ್ನು ಹೈಡ್ರಾಲಿಕ್ ಕ್ರಿಂಪರಿನಿಂದ ಒತ್ತಿಸಿ, ಸುತ್ತಿಗೆಯಿಂದ ಬಡಿದು ಕೂರಿಸಿದ್ದು ಬಿಸಿಯಾಗುತ್ತದೆ. ಅರ್ತ್ ಕೇಬಲನ್ನು ಚಾಸಿಗೆ ಕಟ್ಟದೆ ನೇರ ಬ್ಯಾಟರಿಯ ನೆಗೆಟಿವ್‌ಗೆ ತನ್ನಿ. ನಡುವೆ ಒಂದು ದಪ್ಪ ಐಸೊಲೇಟರ್ ಸ್ವಿಚ್ ಇರಲೇಬೇಕು. ಸೊಲೆನಾಯ್ಡ್ ಅಂಟಿಕೊಂಡು ವಿಂಚ್ ನಿಲ್ಲದೆ ಎಳೆಯತೊಡಗಿದಾಗ ನಿಲ್ಲಿಸಲು ಅದೊಂದೇ ದಾರಿ.

ನಂದು ಹಳೇ ಮಿಲಿಟರಿ ಜೀಪು, ಎಂಜಿನ್ನಿನಿಂದ ತಿರಗೂ ಪಿಟಿಓ ವಿಂಚ್. ಅದರ ಪಿನ್ ಪದೇ ಪದೇ ಮುರೀತದ. ಗಟ್ಟಿ ಬೋಲ್ಟ್ ಹಾಕಲೇನ್ರಿ?

ಬೇಡವೇ ಬೇಡ. ಆ ಪಿನ್ ಮುರಿಯಲೆಂದೇ ಇರುವುದು. ಭಾರ ಮೀರಿದಾಗ ಅದು ಮುರಿಯದಿದ್ದರೆ ಶಾಫ್ಟ್ ಅಥವಾ ವರ್ಮ್ ಗೇರ್ ಮುರಿಯುತ್ತದೆ. ಮೊದಲಿದ್ದ ಅಳತೆಯ ಮೆದು ಉಕ್ಕಿನ ಪಿನ್ನುಗಳನ್ನು ನಾಲ್ಕಾರು ತಿರುವಿಸಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ. ಪದೇ ಪದೇ ಮುರಿಯುತ್ತಿದ್ದರೆ ಗಾಡಿಯ ಮುಂದಿನ ಮಣ್ಣು ತೆಗೆಯಬೇಕು ಅಥವಾ ಪುಲ್ಲಿ ಬಳಸಬೇಕು ಎಂದು ತಿಳಿಯಿರಿ. ವರ್ಮ್ ಗೇರಿನ ಚಕ್ರ ಕಂಚಿನದ್ದು, ಜಿಎಲ್-4 ದರ್ಜೆಯ ಗೇರ್ ಆಯಿಲ್ ಹಾಕಿ.

## ರೋಪ್ ಬದಲಿಸುವಾಗ

ಡ್ರಮ್ ಹಳೇದ ಇರ್ಲಿ, ರೋಪ್ ಅಷ್ಟ ಬದಲಿ ಮಾಡಿದ್ರ ಸಾಲದಾ?

ಡ್ರಮ್ ಇರಲಿ, ಆದರೆ ಅದನ್ನು ತಯಾರು ಮಾಡಬೇಕು. ವರ್ಷಗಟ್ಟಲೆ ಸ್ಟೀಲ್ ರೋಪ್ ಉಜ್ಜಿದ ಡ್ರಮ್ಮಿನ ಅಂಚು, ಮೈಯಲ್ಲಿ ಚೂಪು ಎದ್ದಿರುತ್ತದೆ. ಹತ್ತಿ ಬಟ್ಟೆಯ ತುಂಡೊಂದನ್ನು ಎಲ್ಲ ಕಡೆ ಒರೆಸುತ್ತ ಹೋಗಿ. ಎಲ್ಲಿ ದಾರ ಸಿಕ್ಕಿಕೊಳ್ಳುತ್ತದೋ ಅಲ್ಲಿ ಅರದಿಂದ ಉಜ್ಜಿ, ಸಣ್ಣ ಎಮರಿ ಕಾಗದದಿಂದ ನುಣುಪು ಮಾಡಿ, ತುಕ್ಕು ತೆಗೆದು ತೆಳುವಾಗಿ ಬಣ್ಣ ಹಚ್ಚಿ.

ಆಮೇಲೆ ಬಿಸಿಯ ವಿಷಯ. ಈ ನಾರು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಆದರೆ 70 ಡಿಗ್ರಿ ದಾಟಿದಾಗಲೇ ಬಲ ಕಳೆದುಕೊಳ್ಳತೊಡಗುತ್ತದೆ. ಡ್ರಮ್ಮಿನೊಳಗೆ ಬ್ರೇಕ್ ಇರುವ ವಿಂಚಿನಲ್ಲಿ, ಮೋಟರಿನಿಂದ ರೋಪ್ ಹೊರಬಿಟ್ಟಾಗ ಬ್ರೇಕ್ ಉಜ್ಜುತ್ತಲೇ ಇರುತ್ತದೆ, ಡ್ರಮ್ ಕೈ ಇಡಲಾಗದಷ್ಟು ಕಾಯುತ್ತದೆ. ಸ್ಟೀಲಿಗೆ ಏನೂ ಆಗುತ್ತಿರಲಿಲ್ಲ. ಸಿಂಥೆಟಿಕ್ಕಿನ ಕೆಳಪದರ ಮಾತ್ರ ಕಣ್ಣಿಗೆ ಕಾಣದಂತೆ ಗಟ್ಟಿಯಾಗಿ, ಹೊಳಪಾಗಿ ಸಾಯುತ್ತದೆ. ಆದ್ದರಿಂದ ರೋಪ್ ಬಿಡುವಾಗ ಕ್ಲಚ್ ಫ್ರೀ ಮಾಡಿ ಕೈಯಿಂದ ಎಳೆದೊಯ್ಯಿರಿ. ಒಂದು ನಿಮಿಷ ಎಳೆದು ಬಿಡುವು ಕೊಡಿ. ಮೊದಲ ಪದರಕ್ಕೆ ಅರಾಮಿಡ್ ನಾರಿನ ಬಿಸಿ ತಡೆಯುವ ತೋಳು ಇರುವ ರೋಪ್ ಸಿಕ್ಕರೆ ಅದನ್ನೇ ಆರಿಸಿ. ಬ್ರೇಕ್ ಹೊರಗಿರುವ ಮಾದರಿಗಳಲ್ಲಿ ಈ ತೊಂದರೆ ಬಹಳ ಕಡಿಮೆ.

ಮುಂದಿನ ನಾಕು ರೋಲರ್ ಬಿಚ್ಚಬೇಕಾಗ್ತದಾ?

ಬಿಚ್ಚಿ. ಸ್ಟೀಲ್ ರೋಪ್ ಓಡಿದ ರೋಲರಿನಲ್ಲಿ ಗೀರು, ಚೂಪು ಬಿದ್ದಿರುತ್ತವೆ, ರೋಲರುಗಳ ನಡುವಿನ ಮೂಲೆಯಲ್ಲಿ ಮೆತ್ತನೆ ರೋಪ್ ಸಿಕ್ಕಿ ಜಜ್ಜುತ್ತದೆ. ಅಲ್ಯುಮಿನಿಯಂ ಹಾಸ್ (ರೋಪ್ ಹಾಯುವ, ರೋಲರಿಲ್ಲದ ನುಣುಪು ಬಾಯಿ) ಹಾಕಿ, ಬಾಯಿ ದುಂಡಗೆ, ಅಗಲವಾಗಿ ಇರಲಿ. ಆ ಹಾಸಿನ ಮೇಲೆ ಮತ್ತೆ ಯಾವತ್ತೂ ಸ್ಟೀಲ್ ರೋಪ್ ಓಡಿಸಬೇಡಿ. ಹಾಸಿನ ಹಿಂದಿನ ಬಂಪರಿನ ಕಿಂಡಿಯಲ್ಲಿ ತಗಡಿನ ಚೂಪು ಅಂಚು ಉಳಿದಿದೆಯೇ ಎಂದೂ ಕೈಯಾಡಿಸಿ ನೋಡಿ.

ಎಷ್ಟು ದಪ್ಪ, ಎಷ್ಟು ಉದ್ದ ತಗೋಬೇಕು?

9500 ಪೌಂಡಿನ ವಿಂಚಿಗೆ 10 ಮಿಮೀ, 25ರಿಂದ 28 ಮೀಟರ್. ಡ್ರಮ್ಮಿನ ಅಂಚಿಗಿಂತ ಬೆರಳಗಲ ಕೆಳಗೇ ರೋಪ್ ನಿಲ್ಲಬೇಕು, ಆಸೆಗೆ ಬಿದ್ದು 40 ಮೀಟರ್ ಸುತ್ತಬೇಡಿ. ಹೆಚ್ಚು ದೂರ ಬೇಕಾದರೆ ಬೇರೆ ತುಂಡನ್ನು ಚೀಲದಲ್ಲಿ ಇಟ್ಟುಕೊಂಡು ಜೋಡಿಸಿಕೊಳ್ಳಿ.

ಡ್ರಮ್ಮಿಗೆ ಕಟ್ಟೂದು ಹೆಂಗ?

ಸ್ಟೀಲ್ ರೋಪ್ ಹಿಡಿಯುತ್ತಿದ್ದ ಸಣ್ಣ ಸ್ಕ್ರೂ ಸಿಂಥೆಟಿಕ್ಕನ್ನು ಕತ್ತರಿಸುತ್ತದೆ. ರೋಪಿನ ತುದಿಗೆ ಲಗ್ ಒತ್ತಿಸಿ ಅದೇ ತೂತಿಗೆ ಬೋಲ್ಟ್ ಮಾಡುವುದು ರೂಢಿ. ಬೋಲ್ಟಿನ ತಲೆ ಮೇಲೆ ಚಾಚಿಕೊಂಡಿರಬಾರದು. ಈ ಜೋಡಣೆ ಭಾರ ಹೊರುವುದಕ್ಕಲ್ಲ. ಭಾರ ಹೊರುವುದು ಡ್ರಮ್ಮಿನ ಮೇಲೆ ಉಳಿದ ಸುತ್ತುಗಳ ಹಿಡಿತ. ಸ್ಟೀಲಿಗೆ ಐದು ಸುತ್ತು ಸಾಕಿತ್ತು. ಈ ನಾರು ಮೇಣದಂತೆ ಜಾರುವುದರಿಂದ ಎಂಟರಿಂದ ಹತ್ತು ಸುತ್ತು ಯಾವಾಗಲೂ ಉಳಿಯಬೇಕು. ಆ ಹತ್ತನೆಯ ಸುತ್ತು ಎಲ್ಲಿ ಬರುತ್ತದೋ ಅಲ್ಲಿ ರೋಪಿಗೆ ಮಾರ್ಕರಿನಿಂದ ಬಣ್ಣ ಹಚ್ಚಿ.

ಮೊದಲ ಸಲ ಸುತ್ತುವಾಗ ಭಾರ ಕೊಟ್ಟೇ ಸುತ್ತಿ: ರೋಪಿನ ತುದಿಯನ್ನು ಕಟ್ಟಿ, ಹ್ಯಾಂಡ್ ಬ್ರೇಕ್ ಅರ್ಧ ಎಳೆದು, ಗಾಡಿಯೇ ತನ್ನನ್ನು ಎಳೆದುಕೊಂಡು ಬರಲಿ. ಸಡಿಲ ಸುತ್ತಿದರೆ ಮೇಲಿನ ಪದರ ಕೆಳಗಿನ ಪದರದೊಳಗೆ ಕಚ್ಚಿ ಕೂತು, ಬೇಕಾದಾಗ ಬಿಡುವುದಿಲ್ಲ.

ಅಸಲಿ ರೋಪ್ ಗುರುತು ಹಿಡಿಯೂದು ಹೆಂಗ್ರಿ?

ತುಂಡೊಂದನ್ನು ನೀರಿಗೆ ಹಾಕಿ. ಡೈನೀಮಾ ಜಾತಿಯದು ತೇಲುತ್ತದೆ. ನೈಲಾನ್, ಪಾಲಿಯೆಸ್ಟರ್ ಮುಳುಗುತ್ತವೆ. ಪಾಲಿಪ್ರೊಪಿಲೀನ್ ಕೂಡ ತೇಲುವುದರಿಂದ ಇದೊಂದೇ ಸಾಲದು. ಅಸಲಿ ನಾರು ರೇಷ್ಮೆಯಷ್ಟು ಸಣ್ಣ, ಬೆರಳಿಗೆ ಜಾರುತ್ತದೆ, ಮಾಮೂಲಿ ಕತ್ತರಿಗೆ ಸುಲಭಕ್ಕೆ ಸಿಗುವುದಿಲ್ಲ. ಎಷ್ಟು ಭಾರಕ್ಕೆ ಹರಿಯುತ್ತದೆ ಎಂದು ತಯಾರಕರು ಬರೆದುಕೊಟ್ಟ ಪ್ರಮಾಣಪತ್ರ ಕೇಳಿ. ಆ ಸಂಖ್ಯೆ ವಿಂಚಿನ ಶಕ್ತಿಗಿಂತ ಸಾಕಷ್ಟು ಹೆಚ್ಚಿರಬೇಕು. ಪತ್ರವಿಲ್ಲದ್ದನ್ನು ಬಣ್ಣ ನೋಡಿ ಕೊಳ್ಳಬೇಡಿ.

## ಹೊಲದಲ್ಲಿ, ದಾರಿಯಲ್ಲಿ

ಎರಿ ಹೊಲದಾಗ ಒಂದು ಗಿಡಾನೂ ಇರೂದಿಲ್ಲ. ಎಲ್ಲಿಗೆ ಕಟ್ಟಿ ಎಳೀಬೇಕು?

ನವಲಗುಂದ, ನರಗುಂದ, ರೋಣದವರ ಪ್ರಶ್ನೆ ಇದು, ಬೆಣ್ಣಿಹಳ್ಳದ ದಂಡೆಯವರದು ವಿಶೇಷವಾಗಿ. ಕಟ್ಟುವ ಜಾಗಕ್ಕಿಂತ ಮೊದಲು ಎಷ್ಟು ಭಾರ ಎಳೆಯುತ್ತಿದ್ದೀರಿ ಎಂದು ನೋಡಿ. ಕೆಸರು ಗಾಲಿಯ ಮಟ್ಟಕ್ಕಿದ್ದರೆ ಅದನ್ನು ಬಿಡಿಸಲು ಬೇಕಾದ ಬಲ ಗಾಡಿಯ ತೂಕದಷ್ಟೇ. ಮಡ್‌ಗಾರ್ಡಿನವರೆಗೆ ಹೂತಿದ್ದರೆ ಅದರ ಎರಡು ಪಟ್ಟು. ಅದಕ್ಕೂ ಮೇಲೆ ಬಾಡಿ ಕೂತಿದ್ದರೆ ಮೂರು ಪಟ್ಟು ಎಂಬುದು ಮಿಲಿಟರಿಯವರು ಬಳಸುವ ಲೆಕ್ಕ. ಎರಡು ಟನ್ ಜೀಪು ಮಡ್‌ಗಾರ್ಡಿನವರೆಗೆ ಹೂತರೆ ನಾಲ್ಕು ಟನ್ ಬೇಕು, 8000 ಪೌಂಡಿನ ವಿಂಚಿನಲ್ಲಿ ಅಷ್ಟಿಲ್ಲ. ಹಸಿ ಎರಿ ಮಣ್ಣು ಗಾಡಿಯ ಹೊಟ್ಟೆಗೆ ಅಂಟಿ ಹಿಡಿಯುತ್ತದೆ. ಗಾಲಿಗಳ ಮುಂದೆ ಸಲಿಕೆಯಿಂದ ಇಳಿಜಾರು ತೋಡಿ, ಆಕ್ಸಲ್ ಕೆಳಗೆ ಗಾಳಿಯಾಡುವಂತೆ ಮಣ್ಣು ಕಿತ್ತರೆ ಬೇಕಾದ ಬಲ ಅರ್ಧಕ್ಕರ್ಧ ಇಳಿಯುತ್ತದೆ. ಸಲಿಕೆ ಇಲ್ಲದೆ ವಿಂಚ್ ಇಟ್ಟುಕೊಂಡವರ ಕೈಯಲ್ಲಿ ವಿಂಚ್ ಬಹಳ ದಿನ ಬಾಳುವುದಿಲ್ಲ.

ಇನ್ನು ಕಟ್ಟುವ ಜಾಗ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಟ್ರ್ಯಾಕ್ಟರ್. ಅದು ಗಟ್ಟಿ ನೆಲದ ಮೇಲೆ ನಿಂತು, ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಟ್ಟಿರಲಿ. ರೋಪನ್ನು ಕೆಳಗಿನ ಡ್ರಾಬಾರಿಗೇ ಕಟ್ಟಿ. ಟಾಪ್ ಲಿಂಕಿಗೋ ಸೀಟಿನ ಹಿಂದಿನ ಎತ್ತರದ ಕಂಬಿಗೋ ಕಟ್ಟಿದರೆ ಟ್ರ್ಯಾಕ್ಟರ್ ಮುಂದಿನ ಗಾಲಿ ಎತ್ತಿ ಹಿಂದಕ್ಕೆ ಮಗುಚುತ್ತದೆ, ಡ್ರೈವರ್ ಕೆಳಗೆ ಸಿಗುತ್ತಾನೆ. ಮತ್ತು ಟ್ರ್ಯಾಕ್ಟರ್ ಓಡಿ ಬಂದು ಜಗ್ಗುವುದು ಬೇಡ: ಹಿಗ್ಗದ ರೋಪಿಗೆ ಆ ಪೆಟ್ಟು ಪೂರ್ತಿ ತಗಲುತ್ತದೆ. ಜಗ್ಗಲು ನೈಲಾನಿನ ಹಿಗ್ಗುವ ರಿಕವರಿ ಹಗ್ಗ ಬೇರೆಯೇ ಇದೆ.

ಟ್ರ್ಯಾಕ್ಟರೂ ಇಲ್ಲದಿದ್ದರೆ ಸ್ಟೆಪ್ನಿ ಹೂಳಿ. ಎದೆಮಟ್ಟ ಅಲ್ಲದಿದ್ದರೂ ತೊಡೆಮಟ್ಟದ ಗುಂಡಿ, ಗಾಡಿಯ ಕಡೆಯ ಗೋಡೆ ನೆಟ್ಟಗೆ, ಅದಕ್ಕೆ ಒತ್ತಿ ನಿಲ್ಲಿಸಿದ ಸ್ಟೆಪ್ನಿ, ಅದರ ನಡುವೆ ಹಾಯಿಸಿದ ಪಟ್ಟಿ, ಪಟ್ಟಿ ಹೊರಬರಲು ಓರೆಯಾದ ಸಣ್ಣ ಕಾಲುವೆ. ಒಣ ಬದುವಿನ ಹಿಂದೆ ತೋಡಿದರೆ ಚೆನ್ನಾಗಿ ಹಿಡಿಯುತ್ತದೆ.

ಬೇವು, ಜಾಲಿ, ಹುಣಸೆ ಸಿಕ್ಕರೆ ಬುಡಕ್ಕೆ ಅಗಲ ಪಟ್ಟಿ ಸುತ್ತಿ ಎಳೆಯಿರಿ, ರೋಪನ್ನೇ ಸುತ್ತಿದರೆ ಗಿಡದ ತೊಗಟೆಯೂ ಹೋಗುತ್ತದೆ, ರೋಪೂ ಹೋಗುತ್ತದೆ. ಹೆಸ್ಕಾಂ ಕಂಬಕ್ಕೆ, ಬೋರ್‌ವೆಲ್ಲಿನ ಕೇಸಿಂಗ್ ಪೈಪಿಗೆ ಕಟ್ಟಲೇಬಾರದು. ಗದಗಿನ ಕಪ್ಪತಗುಡ್ಡಕ್ಕೆ ಹೋಗಿ ಅಭ್ಯಾಸ ಮಾಡುತ್ತೇವೆ ಎನ್ನುವ ಹುಡುಗರಿಗೆ: 2019ರಿಂದ ಅದು ವನ್ಯಜೀವಿ ಧಾಮ, ಅಲ್ಲಿ ಬೇಡ.

ಪುಲ್ಲಿ ಹಾಕಿದ್ರ ಖರೇನ ಡಬಲ್ ಶಕ್ತಿ ಬರ್ತದೇನ್ರಿ?

ಉಜ್ಜಾಟದಲ್ಲಿ ಸ್ವಲ್ಪ ಹೋಗಿ, ಹೆಚ್ಚುಕಡಿಮೆ ಡಬಲ್. ರೋಪ್ ಗಿಡದ ಪುಲ್ಲಿ ಸುತ್ತಿ ಮತ್ತೆ ಗಾಡಿಗೇ ಬಂದು ಸೇರಬೇಕು, ವೇಗ ಅರ್ಧವಾಗುತ್ತದೆ. ಮೋಟರಿಗೂ ಬ್ಯಾಟರಿಗೂ ಹಗುರ. ಆದರೆ ಗಿಡದ ಮೇಲೆ, ಅದಕ್ಕೆ ಸುತ್ತಿದ ಪಟ್ಟಿಯ ಮೇಲೆ ಬೀಳುವ ಭಾರವೂ ಡಬಲ್, ಅದನ್ನು ಮರೆಯಬೇಡಿ.

ಸಿಂಥೆಟಿಕ್ ಹರಿದ್ರ ಏನೂ ಆಗೂದಿಲ್ಲಂತ, ಅದರ ಮ್ಯಾಲೆ ದಾಟಿ ಹೋಗಬಹುದಂತ?

ದಾಟಬೇಡಿ. ರೋಪ್ ಹಗುರವಾಗಿ ಬೀಳಬಹುದು. ತುದಿಯಲ್ಲಿರುವ ಕಬ್ಬಿಣದ ಹುಕ್, ಡಿ-ಶಾಕಲ್ (ಡಿ ಆಕಾರದ ಜೋಡಿಸುವ ಕೊಂಡಿ) ಮಾತ್ರ ಗುಂಡಿನಂತೆ ಹಾರುತ್ತವೆ. ಸಾಧ್ಯವಿದ್ದಲ್ಲಿ ಅದೇ ನಾರಿನ ಮೆತ್ತನೆ ಶಾಕಲ್ ಬಳಸಿ. ರೋಪಿನ ನಡುವೆ ಒದ್ದೆ ಗೋಣಿಚೀಲ ಹಾಕಿ. ನೋಡಲು ಬಂದ ಜನರನ್ನು, ಮುಖ್ಯವಾಗಿ ಮಕ್ಕಳನ್ನು, ರೋಪಿನ ಉದ್ದದ ಒಂದೂವರೆ ಪಟ್ಟು ದೂರ ಕಳಿಸಿ. ಊರಿನ ಹತ್ತಿರ ಗಾಡಿ ಸಿಕ್ಕಿಕೊಂಡರೆ ಐವತ್ತು ಜನ ಸೇರುತ್ತಾರೆ. ಅವರನ್ನು ಸರಿಸಲು ಒಬ್ಬರನ್ನು ಅದಕ್ಕೆಂದೇ ನಿಲ್ಲಿಸಿ.

ರಾಡಿ ಹತ್ತಿದ ರೋಪ್ ತೊಳೀಬೇಕಾ?

ಹೌದು, ಒಣಗುವ ಮುಂಚೆಯೇ. ಒಣಗಿದ ಮಣ್ಣಿನ ಕಣ ಹೆಣಿಗೆಯೊಳಗೆ ಕೂತು ಪ್ರತಿ ಎಳೆತಕ್ಕೂ ನಾರು ಕುಯ್ಯುತ್ತದೆ. ಮಸಾರಿಯ ಕೆಂಪು ಗರಸು ಎರಿಗಿಂತ ಕೆಟ್ಟದ್ದು. ಪೂರ್ತಿ ಬಿಚ್ಚಿ, ಬಕೆಟ್ ನೀರಿನಲ್ಲಿ ನೆನೆಹಾಕಿ, ಕೈಯಿಂದ ಹಿಂದೆ-ಮುಂದೆ ತಳ್ಳುತ್ತ ತೊಳೆಯಿರಿ, ನೆರಳಲ್ಲಿ ಒಣಗಿಸಿ. ಪ್ರೆಶರ್ ವಾಷರ್ ಮಣ್ಣನ್ನು ಇನ್ನೂ ಒಳಕ್ಕೆ ತುಂಬುತ್ತದೆ. ಬಿಸಿಲಿಗೆ ನಾರು ಬಲ ಕಳೆದುಕೊಳ್ಳುವುದರಿಂದ ವಿಂಚಿಗೆ ಕವರ್ ಹಾಕಿ. ಕಾಳಿನ ಗೋದಾಮಿನ ಹತ್ತಿರ ಗಾಡಿ ನಿಲ್ಲಿಸುವವರು ಇಲಿ ಕಡಿದಿದೆಯೇ ಎಂದೂ ನೋಡುತ್ತಿರಿ.

ರೋಪ್ ನಡುವ ಹರೀತು. ಗಂಟು ಹಾಕಿ ಎಳೀಬಹುದಾ?

ಗಂಟು ಬೇಡ. ಈ ನಾರಿನಲ್ಲಿ ಗಂಟು ಜಾರುತ್ತದೆ, ಜಾರದಿದ್ದರೂ ಅರ್ಧದಷ್ಟು ಬಲ ತಿನ್ನುತ್ತದೆ. ಸರಿಯಾದ ದಾರಿ ಒಳಗೆ ತೂರಿಸಿ ಹೆಣೆಯುವ ಸ್ಪ್ಲೈಸ್. ಟೊಳ್ಳು ಹೆಣಿಗೆಯೊಳಗೆ ತುದಿಯನ್ನು ರೋಪಿನ ದಪ್ಪದ 72 ಪಟ್ಟು ಉದ್ದ ತೂರಿಸಬೇಕು: 10 ಮಿಮೀ ರೋಪಿಗೆ 72 ಸೆಂಟಿಮೀಟರ್. ತೂರಿಸುವ ತುದಿಯ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ಚೂಪಾಗಿ ಇಳಿಸಿ, ಇಲ್ಲದಿದ್ದರೆ ಅದು ಮುಗಿಯುವಲ್ಲಿ ರೋಪ್ ಹರಿಯುತ್ತದೆ. ಎಳೆತ ಹೆಚ್ಚಿದಂತೆ ಹೊರಗಿನ ಹೆಣಿಗೆ ಒಳಗಿನದನ್ನು ಬಿಗಿಯಾಗಿ ಹಿಡಿಯುತ್ತದೆ. ತುದಿಯ ಕಣ್ಣಿ ಮಾಡುವಾಗ ಒಂದು ಸಲ ಅಡ್ಡ ಹಾಯಿಸಿ ಬೀಗ ಹಾಕಿದರೆ ಸಡಿಲಾದಾಗಲೂ ಬಿಚ್ಚುವುದಿಲ್ಲ. ಮನೆಯಲ್ಲಿ ಕೂತು ಹಳೆಯ ತುಂಡಿನ ಮೇಲೆ ಕಲಿಯಿರಿ, ಹೆಣಿಗೆಯೊಳಗೆ ತೂರುವ ನುಣುಪು ಕೊಳವೆ, ಟೇಪು, ಕತ್ತರಿ ಇಷ್ಟೇ ಬೇಕು.

ವಿಂಚ್ ಬಂಪರ್ ಹಾಕಿದ್ರ ಆರ್‌ಟಿಓದವ್ರು ಹಿಡೀತಾರೇನ್ರಿ?

ಹಿಡಿಯಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿನ್ಯಾಸ ಬದಲಿಸುವುದನ್ನು ತಡೆಯುತ್ತದೆ, 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ. ಮುಂದೆ ಚಾಚುವ ಕಬ್ಬಿಣದ ಚೌಕಟ್ಟು ಪಾದಚಾರಿಗಳಿಗೂ ಅಪಾಯ, ಏರ್‌ಬ್ಯಾಗಿಗೂ ಅಡ್ಡಿ. ಹಾಕಿಸುವ ಮುಂಚೆ ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಕೇಳಿ.

ಬಾವ್ಯಾಗಿನ ಪಂಪು ಎತ್ತಾಕ, ಮನಷ್ಯಾನ್ನ ಇಳಸಾಕ ಇದ ವಿಂಚ್ ಬಳಸಬಹುದಾ?

ಮನುಷ್ಯರನ್ನು ಯಾವ ಕಾರಣಕ್ಕೂ ಬೇಡ, ಎಷ್ಟೇ ಹೊಸ ವಿಂಚ್ ಇರಲಿ. ಇವು ನೆಲದ ಮೇಲೆ ಎಳೆಯಲು ಮಾಡಿದ ಯಂತ್ರಗಳು, ಎತ್ತುವ ಯಂತ್ರಕ್ಕೆ ಇರಬೇಕಾದ ಎರಡನೆಯ ಬ್ರೇಕ್ ಇವುಗಳಲ್ಲಿ ಇಲ್ಲ. ಪಂಪ್ ಇಳಿಸುವುದೂ ಬೇಡ: ಇಳಿಸುವಾಗ ಡ್ರಮ್ಮಿನೊಳಗಿನ ಬ್ರೇಕ್ ಭಾರ ಹೊತ್ತು ಉಜ್ಜುತ್ತಲೇ ಇರುವುದರಿಂದ ಸಿಂಥೆಟಿಕ್ ರೋಪ್ ಕೆಳಪದರದಲ್ಲಿ ಬೇಯುತ್ತದೆ. ಮೂರು ಕಾಲಿನ ಕಂಬ ನಿಲ್ಲಿಸಿ, ಭಾರದ ಗುರುತಿರುವ ಚೈನ್ ಪುಲ್ಲಿ ಬಾಡಿಗೆಗೆ ತನ್ನಿ.